ಬುಧವಾರದ ಸೂಜಿ

ಪೂನಮ್ ಅಪ್ಪನ ಎಡಗೈಯನ್ನು ತಿರುಗಿಸಿ ಬೆಳಕಿಗೆ ಹಿಡಿದಳು. ಆಮೇಲೆ ಬಲಗೈ. ಮೊಣಕೈ ಒಳಗೆ, ಮುಂಗೈ ಮೇಲೆ, ಮಣಿಕಟ್ಟಿನ ಪಕ್ಕ, ಹೆಬ್ಬೆರಳಿನಿಂದ ಚರ್ಮ ಎಳೆದೆಳೆದು ನೋಡಿದಳು. ಚೊಂಬಿನಲ್ಲಿ ನೀರು ಹಿಡಿದು ನಿಂತಿದ್ದ ತಮ್ಮ ರತ್ನದೀಪನಿಗೆ ತಾಳ್ಮೆ ಮೀರಿತು.

“ಏನ್ ಹುಡುಕ್ಲಿಕತ್ತಿ ಅಕ್ಕಾ? ನೀರ್ ಆರ್ಲಿಕತ್ತಾವ.”

“ಹೋದ ಬುಧವಾರ ಅಪ್ಪಗ ಯಾವ ಕೈಗಿ ಸೂಜಿ ಹಾಕಿದ್ರು?”

“ನನಗೇನ್ ಗೊತ್ತು? ಇಮ್ರಾನ್ ಚಾಚಾ ಕರ್ಕೊಂಡ್ ಹೋಗಿದ್ರು. ಈಗ್ಯಾಕ ಅದು?”

ಹಿತ್ತಿಲಿಗೆ ಸೀರೆ ಅಡ್ಡ ಕಟ್ಟಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಅಪ್ಪ ರಾಮಲಿಂಗನನ್ನು ಮಲಗಿಸಿದ್ದರು. ಗಂಡಸಿನ ಹೆಣಕ್ಕೆ ಹೆಣ್ಣುಮಗಳು ನೀರು ಹಾಕುವುದೇ ಎಂದು ಯಾರೋ ಗೊಣಗಿದಾಗ, “ದಿನಾ ಇದೇ ನನ್ನ ಕೆಲಸ” ಎಂದು ಪೂನಮ್ ಅವರ ಬಾಯಿ ಮುಚ್ಚಿಸಿದ್ದಳು. ಚಿಂಚೋಳಿಯ ಸರ್ಕಾರಿ ದವಾಖಾನೆಯಲ್ಲಿ ಅವಳು ಹತ್ತು ವರ್ಷದಿಂದ ನರ್ಸು. ಐದು ದಿನಕ್ಕೆ ಸೂಜಿಯ ಗುರುತು ಮಾಯುವುದಿಲ್ಲ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅದರಲ್ಲೂ ಕ್ಯಾನ್ಸರಿನ ಔಷಧಿ ಹರಿದ ನರ ಕಪ್ಪಗೆ ಹಗ್ಗದಂತೆ ಬಿಗಿದುಕೊಂಡಿರುತ್ತದೆ. ಅಪ್ಪನ ಕೈಮೇಲೆ ಹೋದ ವರ್ಷದ ಆರು ಡೋಸಿನ ಕಲೆಗಳು ಮಾಸಿ ನಿಂತಿದ್ದವು. ಜನವರಿಯಿಂದ ಈಚೆಗೆ ಹದಿನಾರು ಬುಧವಾರಗಳು. ಹೊಸ ಗುರುತು ಒಂದೂ ಇರಲಿಲ್ಲ.

ಅವಳು ಸೀರೆ ಸರಿಸಿ ಅಂಗಳದತ್ತ ನೋಡಿದಳು. ಅಪ್ಪನ ಗೆಳೆಯ ಇಮ್ರಾನ್ ಚಟ್ಟಕ್ಕೆ ಹಗ್ಗ ಬಿಗಿಯುತ್ತಿದ್ದ. ಕಣ್ಣಿಗೆ ಕಣ್ಣು ಕೂಡಿದ್ದೇ ತಲೆ ತಗ್ಗಿಸಿದ. ಆಗಲೇ ಬಿಗಿದಿದ್ದ ಗಂಟನ್ನು ಬಿಚ್ಚಿ ಮತ್ತೆ ಕಟ್ಟತೊಡಗಿದ.

*

ರಾಮಲಿಂಗ ಹರೆಯದಲ್ಲಿ ಶಹಾಬಾದಿನ ಟಾಕೀಸೊಂದರ ಗೇಟ್‌ಕೀಪರ್ ಆಗಿದ್ದವನು. ಟಿಕೆಟ್ ಹರಿದು, ಬಾಗಿಲಿಗೆ ಒರಗಿ, ಒಂದೇ ಸಿನೆಮಾವನ್ನು ನಲವತ್ತು ಸಲ ನೋಡಿದವನು. ಅಲ್ಲಿ ಪಿಚ್ಚರ್ ಬಿಡುವ ಆಪರೇಟರ್ ಇಮ್ರಾನ್. ಇಬ್ಬರೂ ಒಂದೇ ಡಬ್ಬಿಯಲ್ಲಿ ಉಂಡವರು. ಆಮೇಲೆ ರಾಮಲಿಂಗನಿಗೆ ಸಿಮೆಂಟ್ ಕಾರ್ಖಾನೆಯ ಪ್ಯಾಕಿಂಗ್ ಸೆಕ್ಷನ್ನಿನಲ್ಲಿ ಕೆಲಸ ಸಿಕ್ಕಿತು. ವಾಡಿಯಲ್ಲಿ ಮನೆ ಮಾಡಿ, ಮೂವತ್ತೊಂದು ವರ್ಷ ಚೀಲ ತುಂಬಿದ. ಪಾಳಿ ಮುಗಿಸಿ ಬಂದು, ಹುಬ್ಬಿನ ಮೇಲಿನ ಪುಡಿ ತೊಳೆದು, ಓದಲು ಕೂರುತ್ತಿದ್ದ. ಮನೆಯಲ್ಲೇ ಓದಿ ಬಿ.ಎ. ಪಾಸಾದ. ಇಂಗ್ಲಿಷ್ ಎಂ.ಎ. ಕಟ್ಟಿದ. ಎಲ್ಲ ಪೇಪರುಗಳೂ ಆದವು, ರೊಮ್ಯಾಂಟಿಕ್ ಕಾವ್ಯದ್ದೊಂದು ಉಳಿಯಿತು. ಮೂರು ಸಲ ಕೂತ, ಮೂರು ಸಲವೂ ಬಿದ್ದ. ಎಂ.ಎ. ರಾಮಲಿಂಗ ಅನ್ನಿಸಿಕೊಳ್ಳಬೇಕು ಎಂದಿದ್ದವನನ್ನು ಸೆಕ್ಷನ್ನಿನವರು ಎಮ್ಮಿ ರಾಮಲಿಂಗ ಎಂದರು. ಅದಕ್ಕೂ ನಕ್ಕ.

“ಯಾಕಪ್ಪ, ಅದರಾಗೇ ಯಾಕ ಫೇಲ್ ಆಗ್ತಿ?” ಎಂದು ಪೂನಮ್ ಸಣ್ಣವಳಿದ್ದಾಗ ಕೇಳಿದ್ದಳು.

“ಪೇಪರ್ ನೋಡೋ ಮಾಸ್ತರಗ ಸಿನೆಮಾ ತಿಳಿಯಂಗಿಲ್ಲವ್ವ.”

ಹೋದ ವರ್ಷ ಶ್ವಾಸಕೋಶದಲ್ಲಿ ಗಡ್ಡೆ ಕಂಡಿತು. ರಜೆ ಹಾಕಿ ಕಲಬುರಗಿಯ ದವಾಖಾನೆಗೆ ಕರೆದೊಯ್ದವಳು ಪೂನಮ್. ಆರು ಡೋಸಿಗೂ ಅಪ್ಪನ ಕೈ ಹಿಡಿದು ಪಕ್ಕದಲ್ಲೇ ಕೂತಳು. ಅವನು ವಾರಗಟ್ಟಲೆ ವಾಂತಿ ಮಾಡಿಕೊಂಡ. ನೀರಿಗೂ ಕಬ್ಬಿಣದ ರುಚಿ ಎನ್ನುತ್ತಿದ್ದ. ಐದನೆಯ ಡೋಸಿನ ಬೆಳಿಗ್ಗೆ ಹಾಸಿಗೆಯ ಅಂಚಿಗೆ ಕೂತು, “ಈ ಸಲ ಬಿಟ್ರ ನಡೀತದೇನವ್ವ?” ಎಂದು ಕೇಳಿದ.

“ಏನ್ ಮಾತಪ್ಪ ಇದು, ಸಣ್ಣ ಕೂಸಿನಂಗ,” ಎಂದು ಅವಳು ಚಪ್ಪಲಿ ತಂದು ಅವನ ಕಾಲ ಮುಂದಿಟ್ಟಳು. ರಾಮಲಿಂಗ ಚಪ್ಪಲಿ ಮೆಟ್ಟಿಕೊಂಡ.

ಜನವರಿಯಲ್ಲಿ ಅವಳ ರಜೆ ಮುಗಿಯಿತು. ಇನ್ನು ಮೇಲೆ ವಾರಕ್ಕೊಂದು ಸಣ್ಣ ಡೋಸಿನ ಸೂಜಿ, ಬುಧವಾರ ಇಮ್ರಾನ್ ಜೊತೆ ಹೋಗಿಬರುತ್ತೇನೆ ಎಂದ ಅಪ್ಪ. ಫೈಲ್ ಎಲ್ಲಿ ಎಂದರೆ, “ಅಲ್ಲೇ ಇಟ್ಕೊಂತಾರವ್ವ.” ಬುಧವಾರ ಫೋನ್ ಹಚ್ಚಿದರೆ ಇಬ್ಬರದೂ ಬಂದ್. ಏಪ್ರಿಲ್ ಬಿಸಿಲಿನಲ್ಲೂ ಮೈಮೇಲೆ ತುಂಬುತೋಳಿನ ಅಂಗಿ. ಭಾನುವಾರ ಬಂದಾಗಲೆಲ್ಲ ಇದು ಪೂನಮ್‌ಳ ಕಣ್ಣಿಗೆ ಬಿದ್ದಿತ್ತು. ನೋವಿನ ಗುಳಿಗೆ ಕೊಟ್ಟು, ಸಂಜೆ ಬಸ್ಸಿಗೆ ಹೊತ್ತಾಯಿತೆಂದು ಎದ್ದು ಹೋಗಿದ್ದಳು.

*

ಮಧ್ಯಾಹ್ನದ ಹೊತ್ತಿಗೆ ಚಿತ್ತಾಪುರ, ದಂಡೋತಿ ಕಡೆಯ ನೆಂಟರು ಮಣ್ಣಿಗೆ ಬಂದು ಸೇರಿದರು. ಬಿಳಿ ಬಟ್ಟೆ ಹೊದಿಸಿದ ರಾಮಲಿಂಗನ ತಲೆಯ ಬಳಿ ಬುದ್ಧರ, ಬಾಬಾಸಾಹೇಬರ ಫೋಟೊ. ಮುಂದೆ ಎರಡು ಮೇಣದಬತ್ತಿ. ಪ್ಯಾಕಿಂಗ್ ಸೆಕ್ಷನ್ನಿನ ದೇವೀಂದ್ರಪ್ಪ ಕೈಮುಗಿದು ಬಂದು ಪೂನಮ್‌ಳ ಪಕ್ಕ ಕೂತ.

“ಭಾಳ ಧೈರ್ಯದ ಮನಷ್ಯಾ ನೋಡವ್ವ ನಿಮ್ಮಪ್ಪ. ಗಾಡ್ಯಾಗ ಸಿಕ್ಕಾಗೆಲ್ಲ ನಕ್ಕೋತ ಮಾತಾಡ್ತಿದ್ದ.”

“ಯಾವ ಗಾಡ್ಯಾಗ ಕಾಕಾ?”

“ಕಲಬುರಗಿ ಗಾಡ್ಯಾಗ. ನಾ ನನ್ನ ಮಗಳ ಮನಿಗಿ ಹೋಗುವಾಗ ಮೂರ್ನಾಕ್ ಸಲ ಸಿಕ್ಕಾನ. ಶಹಾಬಾದ್ ಬಂತಂದ್ರ ಅಂವ, ಇಮ್ರಾನ್ ಇಬ್ಬರೂ ಇಳದ್ ಬಿಡ್ತಿದ್ರು.”

“ಶಹಾಬಾದ್‌ದಾಗ? ಕಲಬುರಗಿ ತನಕ ಬರ್ತಿದ್ದಿಲ್ಲ?”

ದೇವೀಂದ್ರಪ್ಪ ಬಾಗಿಲ ಕಡೆ ನೋಡಿದ. ಅಲ್ಲಿ ಇಮ್ರಾನ್ ನಿಂತಿದ್ದ. “ಏನೋವ್ವ, ನಾ ನೋಡಿದಾಗ ಹಂಗೇ,” ಎಂದು ಎದ್ದು ಹೋದ.

ಪೂನಮ್ ಹಿತ್ತಿಲಿಗೆ ಹೋಗಿ ಕಲಬುರಗಿಯ ಕ್ಯಾನ್ಸರ್ ವಾರ್ಡಿನಲ್ಲಿ ನರ್ಸಾಗಿದ್ದ ಗೆಳತಿ ಜಯಮಾಲಾಗೆ ಫೋನ್ ಹಚ್ಚಿದಳು. ಆ ಕಡೆಯಿಂದ ಕಾಗದ ತಿರುವುವ ಸದ್ದು ಕೇಳಿಸಿತು.

“ಅವರು ಬರೋದ್ ಬಿಟ್ಟು ನಾಕ್ ತಿಂಗಳಾತು ಪೂನಮ್. ಚಿಕಿತ್ಸಾ ಬ್ಯಾಡ ಅಂತ ತಾವೇ ಸಹಿ ಮಾಡಿ ಹೋಗ್ಯಾರ. ನಿನಗ ಗೊತ್ತದ ಅನ್ಕೊಂಡಿದ್ದೆ. ಸಾಕ್ಷಿ ಇಮ್ರಾನ್ ಅಂತ ಅದ.”

ಶಹಾಬಾದಿನ ಆಚೆ ಕ್ಯಾನ್ಸರಿಗೆ ಬೇರು ಅರೆದು ಕೊಡುವ ಬಾಬಾ ಒಬ್ಬನಿದ್ದಾನೆಂದು ಪೂನಮ್‌ಳ ವಾರ್ಡಿನ ರೋಗಿಗಳು ಆಡಿಕೊಳ್ಳುತ್ತಿದ್ದರು. ಆ ಬೇರು ತಿಂದು ಹೊಟ್ಟೆ ಉಬ್ಬಿಸಿಕೊಂಡು ಬಂದವರನ್ನು ಅವಳು ಕಣ್ಣಾರೆ ಕಂಡಿದ್ದಳು. ನೇರ ಓಣಿಗೆ ಬಂದು, ತನ್ನ ಆಟೋದ ಪಕ್ಕ ನಿಂತಿದ್ದ ಇಮ್ರಾನ್‌ನ ಎದುರು ನಿಂತಳು.

“ಯಾವ ಬಾಬಾನ ಹಂತೇಲಿ ಒಯ್ದಿದ್ರಿ ಅಪ್ಪಗ?”

“ಬಾಬಾ? ಯಾವ ಬಾಬಾ ಬೇಟಾ?”

“ಸುಳ್ಳ್ ಹೇಳಬ್ಯಾಡ್ರಿ ಚಾಚಾ. ದವಾಖಾನಿಗಿ ಫೋನ್ ಹಚ್ಚೀನಿ. ನೀವೇ ಸಾಕ್ಷಿ ಹಾಕೀರಿ. ನಾಕ್ ತಿಂಗಳು ನನ್ನ ಕಣ್ಣಿಗಿ ಮಣ್ಣ್ ಹಾಕೀರಿ.”

ಇಮ್ರಾನ್ ಕೈಮುಗಿದ. “ಮೊದಲ ಮಣ್ಣಾಗ್ಲಿ ಬೇಟಾ. ಅಂವನ ಮುಂದ ಈ ಜಗಳ ಬ್ಯಾಡ. ಆಮ್ಯಾಲ ಎಲ್ಲಾ ಹೇಳ್ತೀನಿ.”

“ಆಮ್ಯಾಲ ನೀವ್ ಸಿಗ್ತೀರೇನು?”

ಅವನು ಜೇಬಿನಿಂದ ಆಟೋದ ಕೀಲಿ ತೆಗೆದು ಅವಳ ಅಂಗೈಗೆ ಹಾಕಿದ.

ಕೀಲಿ ಕೈಯಲ್ಲಿದ್ದರೂ ಅವಳಿಗೆ ನಂಬಿಕೆ ಬರಲಿಲ್ಲ. ಮೆರವಣಿಗೆಯುದ್ದಕ್ಕೂ ಇಮ್ರಾನ್‌ನ ಬಿಳಿ ಟೋಪಿಯ ಮೇಲೇ ಕಣ್ಣಿಟ್ಟು ನಡೆದಳು. ಸ್ಮಶಾನದಲ್ಲಿ ಎಲ್ಲರೂ ತ್ರಿಸರಣ ಹೇಳುವಾಗ ಅವಳ ತುಟಿ ಆಡುತ್ತಿತ್ತು, ಗಮನ ಅಲ್ಲಿರಲಿಲ್ಲ. ಬೌದ್ಧ ಭಿಕ್ಷು ಭಂತೇಜಿ, “ಕಡೀ ಸಲ ಮುಖ ನೋಡ್ಕೊಳ್ರಿ,” ಎಂದಾಗ ಇಮ್ರಾನ್ ರತ್ನದೀಪನ ಕಿವಿಯಲ್ಲಿ ಏನೋ ಹೇಳುತ್ತಿದ್ದ. ಏನು ಹೇಳುತ್ತಿದ್ದಾನೆ? ತಮ್ಮನೂ ಅವನ ಜೊತೆಗಾರನೇ? ಪೂನಮ್ ಅವರಿಬ್ಬರನ್ನೇ ನೋಡಿದಳು. ಇತ್ತ ತಿರುಗುವಷ್ಟರಲ್ಲಿ ಅಪ್ಪನ ಮುಖದ ಮೇಲೆ ಬಟ್ಟೆ ಬಂದಿತ್ತು.

*

ಮನೆಗೆ ಬಂದು ಮೈತೊಳೆದುಕೊಂಡ ಮೇಲೆ ಅವಳು ಅವ್ವನ ಮುಂದೆ ಕೂತಳು. ಲಾಲಮ್ಮ ಗೋಡೆಗೆ ತಲೆಯಾನಿಸಿ, ಕಾಲು ಚಾಚಿ ಕೂತಿದ್ದಳು.

“ಅವ್ವಾ, ಅಪ್ಪ ಬುಧವಾರ ದವಾಖಾನಿಗಿ ಹೋಗ್ತಿದ್ದಿಲ್ಲ.”

“ಹೂಂ.”

“ಹೂಂ ಅಂದ್ರ? ನಿನಗ ಗೊತ್ತಿತ್ತು?”

“ಬುಧವಾರ ಬುಧವಾರ ಇಬ್ಬರಿಗಿ ರೊಟ್ಟಿ, ಪುಂಡಿಪಲ್ಯ ಕಟ್ಟಿ ಕಳಸ್ತಿದ್ದೆ. ಖಾಲಿ ಡಬ್ಬಿ ತರ್ತಿದ್ದ. ಆ ಸೂಜಿ ಮಾಡಿಸ್ಕೊಂಡಾಂವ ಪುಂಡಿಪಲ್ಯ ತಿಂತಾನೇನು? ನಾ ಕೇಳಿಲ್ಲ, ಅಂವ ಹೇಳಿಲ್ಲ.”

“ನನಗರೆ ಹೇಳಬೇಕಿಲ್ಲೇನ್ ಅವ್ವಾ?”

ಲಾಲಮ್ಮ ಬಾಗಿಲ ಕಡೆ ಕೈ ತೋರಿಸಿದಳು. “ಇಮ್ರಾನ್ ಹೊರಗ ನಿಂತಾನ,” ಎಂದಳು. “ಹೋಗಿ ನಿನ್ನ ಕಣ್ಣಿಲೇ ನೋಡ್ಕೊಂಡ್ ಬಾ. ಇಲ್ಲಾಂದ್ರ ನೀ ಅಂವನ್ನ ಬಿಡಾಕಿ ಅಲ್ಲ.”

ಶಹಾಬಾದ್ ರಸ್ತೆಯ ತುಂಬ ಕಲ್ಲು ಹೇರಿದ ಲಾರಿಗಳು. ಆಟೋದ ಸದ್ದಿನ ಮೇಲೆ ಇಮ್ರಾನ್ ಕೂಗಿ ಹೇಳಿದ.

“ಜನವರ್ಯಾಗ ಡಾಕ್ಟರಗ ಕೇಳ್ದ, ಸೂಜಿ ಮಾಡಿಸಿದ್ರ ಎಷ್ಟ್ ದಿನ, ಬಿಟ್ರ ಎಷ್ಟ್ ದಿನ ಅಂತ. ಎರಡಕ್ಕೂ ಭಾಳ ಫರಕ್ ಇದ್ದಿದ್ದಿಲ್ಲ. ಹೊರಗ ಬಂದು ಭಜಿ ತಿಂದ. ಇನ್ಮ್ಯಾಲ ಬುಧವಾರ ನಮ್ಮ ಟಾಕೀಸಿಗಿ ಹೋಗಣ ಅಂದ.”

“ಅದನ್ನ ನನಗ ಹೇಳ್ಲಿಕ್ಕೆ ಏನಾಗಿತ್ತು?”

ಇಮ್ರಾನ್ ತಡೆದು ತಡೆದು ಹೇಳಿದ: “ನಾ ಹೇಳು ಅಂದೆ ಬೇಟಾ, ಕಸಮ್. ‘ಆಕಿ ಕೈ ಹಿಡದು ನಡಿ ಅಂದ್ರ ನಾ ಹೋಗಿಬಿಡ್ತೀನಿ. ಆಕಿ ಮುಂದ ನನಗ ಇಲ್ಲ ಅನ್ಲಿಕ್ಕೆ ಬರಂಗಿಲ್ಲ’ ಅಂದ.”

ಪೂನಮ್ ಲಾರಿಗಳತ್ತ ಮುಖ ತಿರುಗಿಸಿದಳು. ಆದರೂ ಒಳಗೊಳಗೆ ಲೆಕ್ಕ ಹಾಕುತ್ತಲೇ ಇದ್ದಳು. ಸತ್ತವನ ಬಾಯಲ್ಲಿ ಯಾರು ಯಾವ ಮಾತನ್ನಾದರೂ ಇಡಬಹುದು.

ಟಾಕೀಸು ಮುಚ್ಚಿ ವರ್ಷಗಳಾಗಿದ್ದವು. ಈಗ ಅದು ತೊಗರಿ ತುಂಬಿಡುವ ಗೋದಾಮು, ಇಮ್ರಾನ್ ಅದರ ಕಾವಲುಗಾರ. ಅವನು ಪಕ್ಕದ ಬಾಗಿಲಿನ ಬೀಗ ತೆಗೆದ. ಒಳಗೆ ಕುರ್ಚಿಗಳಿರಲಿಲ್ಲ. ಇಳಿಜಾರು ನೆಲದ ಮೇಲೆ ಚಾವಣಿ ಮುಟ್ಟುವಂತೆ ಚೀಲಗಳ ಥಪ್ಪಿ, ಅವುಗಳಾಚೆ ಪರದೆಯ ಬಿಳಿ ಗೋಡೆ.

“ಇಲ್ಲಿ ಕುಂದರ್ತಿದ್ದ,” ಎಂದು ಇಮ್ರಾನ್ ಕೆಳಗಿನ ಒಂದು ಚೀಲ ತೋರಿಸಿದ. “ಆ ಪರೀಕ್ಷಾದ ಪುಸ್ತಕ ತರ್ತಿದ್ದ. ಇಂಗ್ಲಿಷ್ ಪದ್ಯ ಓದೋದು, ಅದನ್ನ ಪಿಚ್ಚರ್ ಮಾಡಿ ನನಗ ಹೇಳೋದು. ಇಲ್ಲಿ ಗುಡ್ಡದ ಮ್ಯಾಲ ಮೋಡ, ಇಲ್ಲಿ ಹೀರೋ ಒಬ್ಬನೇ ಬರ್ತಾನ, ಇಲ್ಲಿ ಇಂಟರ್ವಲ್. ಪೇಪರ್‌ದಾಗೂ ಹಂಗೇ ಬರೆದಿದ್ದನಂತ! ಫೇಲ್ ಮಾಡದ ಏನ್ ಮಾಡ್ತಾರ?” ಅವನು ನಕ್ಕ. ನಗುತ್ತಲೇ ಕಣ್ಣೊರೆಸಿಕೊಂಡ. “ಜೂನ್‌ದಾಗ ಮತ್ತ ಪರೀಕ್ಷಾಕ ಕುಂದರ್ತೀನಿ ಅಂತಿದ್ದ. ಕಡೀ ಮೂರ್ ವಾರ ನಡೀಲಿಕ್ಕೆ ಆಗ್ತಿದ್ದಿಲ್ಲ. ಆಟೋದಾಗ ತಂದು, ಎತ್ಕೊಂಡ್ ಬಂದು ಇಲ್ಲಿ ಕುಂದ್ರಿಸ್ತಿದ್ದೆ.”

ಪೂನಮ್ ಚೀಲದ ಹಿಂದೆ, ಗೋಡೆಯ ಬುಡದಲ್ಲಿ ಹುಡುಕಿದಳು. ಔಷಧಿಯ ಪೊಟ್ಟಣ, ಬೇರು, ಪುಡಿ, ಏನೂ ಇರಲಿಲ್ಲ. ಅಪ್ಪ ಇಲ್ಲಿ ಕೂತಿದ್ದ ಎನ್ನುವುದಕ್ಕೂ ಏನೂ ಇರಲಿಲ್ಲ.

“ಪುಸ್ತಕ ಎಲ್ಲದ?”

“ಇವತ್ತ್ ಮುಂಜಾನಿ ರತ್ನದೀಪನ ಕೈಯಾಗ ಕೊಟ್ಟೆ, ಅಪ್ಪನ ಜೋಡಿ ಇಡು ಅಂತ. ಸ್ಮಶಾನದಾಗ ಅಂವನ ಕಿವ್ಯಾಗ ಅದೇ ನೆನಪ್ ಮಾಡಿದೆ. ಇಟ್ಟಾನ, ಒಳಗೇ ಹೋತು.” ಅವನು ತುಸು ಹಿಂಜರಿದ. “ಒಂದು ಪದ್ಯ ನನಗ ಬಾಯಿಪಾಠ ಬರ್ತದ ಬೇಟಾ. ಅರ್ಥ ಕೇಳಬ್ಯಾಡ.”

“ಹೇಳ್ರಿ ನೋಡಣ,” ಎಂದಳು ಪೂನಮ್. ಠಾಣೆಯಲ್ಲಿ ಕೇಳುವ ಧ್ವನಿಯಾಗಿತ್ತು ಅದು.

ಇಮ್ರಾನ್ ಆ ಚೀಲದ ಮೇಲೆ ಕೂತ. ಪರದೆಯ ಗೋಡೆ ನೋಡುತ್ತ ಶುರು ಮಾಡಿದ. ಅವನ ನಾಲಿಗೆಯಲ್ಲಿ ಇಂಗ್ಲಿಷ್ ಪದಗಳು ಹೊರಳಿ ಉರುಟಾಗಿ ಬಂದವು. ನಾಲ್ಕು ಪದ ಹೇಳಿ ನಿಂತ. ಬಾಯಿ ತೆರೆದು, ಭುಜವೆರಡನ್ನೂ ಮೇಲೆತ್ತಿ ಉಸಿರೆಳೆದ. ಗಂಟಲಲ್ಲಿ ಸಣ್ಣ ಸಿಳ್ಳೆ. ಮತ್ತೆ ಎರಡು ಪದ. ಮತ್ತೆ ನಿಂತ, ಈ ಸಲ ಒಂದು ಪದವನ್ನು ಅರ್ಧಕ್ಕೆ ಮುರಿದು.

ಮಧ್ಯಾಹ್ನ ಚಟ್ಟಕ್ಕೆ ಹೆಗಲು ಕೊಟ್ಟು ಅಷ್ಟು ದೂರ ನಡೆದವನು, ಆಯಾಸವೇ ಇಲ್ಲದ ಮನುಷ್ಯ.

“ಯಾಕ ನಡುನಡುವ ನಿಲ್ತೀರಿ ಚಾಚಾ?”

“ಪದ್ಯಾನೇ ಹಂಗ ಅದ ಬೇಟಾ,” ಎಂದ ಇಮ್ರಾನ್. “ಅಂವ ಹಿಂಗೇ ಹೇಳ್ತಿದ್ದ.”

ಅವನು ಮೊದಲಿನಿಂದ ಶುರು ಮಾಡಿದ. ನಾಲ್ಕು ಪದ. ಭುಜ ಮೇಲೇರಿದವು, ಗಂಟಲು ಸಿಳ್ಳೆ ಹಾಕಿತು. ಎರಡು ಪದ. ಅರ್ಧ ಪದ. ಕಡೆಯ ಭಾನುವಾರಗಳಲ್ಲಿ ಅಪ್ಪ ಉಸಿರೆಳೆಯುತ್ತಿದ್ದುದೂ ಹೀಗೇ. ಪೂನಮ್ ಹತ್ತಿರ ಸರಿದು ಮಂಡಿಯೂರಿದಳು. ಅವಳ ಕೈ ತಾನಾಗಿ ಮುಂದೆ ಚಾಚಿ, ಆ ಬೆನ್ನಿಗೆ ಆಸರೆ ಕೊಟ್ಟು, ಉಳಿದರ್ಧ ಪದ ಹೊರಬೀಳುವವರೆಗೆ ಹಾಗೇ ಹಿಡಿದುಕೊಂಡಿತು.