ಡಬ್ಬಿ ಸಮೇತ ಬಂದ ಹುಡುಗಿ

ನಮ್ಮ ಬೀದಿಯ ಹುಡುಗಿ ಸೂಜಿಗೆ ಕಾಲೇಜಿನಲ್ಲಿ ಸೀಟು ಸಿಕ್ಕ ದಿನ ಸೂರ್ಯ ಅರ್ಧ ಗಂಟೆ ಮುಂಚೆಯೇ ಹುಟ್ಟಿದ. ನಂಬಿಕೆ ಬಾರದಿದ್ದರೆ ಸೂರ್ಯನನ್ನೇ ಕೇಳಿ, ನನ್ನನ್ನು ಕೆಣಕಬೇಡಿ. ಅವಳ ವಂಶದಲ್ಲಿ ಏಳು ತಲೆಮಾರಿನಿಂದ ಕಾಲೇಜಿನ ಗೇಟು ದಾಟಿದವರು ಯಾರೂ ಇರಲಿಲ್ಲ. ಒಬ್ಬ ಅಜ್ಜ ದಾಟಿದ್ದ, ಅದೂ ಗೇಟಿಗೆ ಬಣ್ಣ ಬಳಿಯಲು.

ಹುಡುಗಿ ತೆಳ್ಳಗೆ, ಮಾತು ಚೂಪು. ಅದಕ್ಕೇ ಸೂಜಿ ಎಂಬ ಅಡ್ಡಹೆಸರು. ಅವಳಮ್ಮ ಬಟ್ಟೆ ಕಾರ್ಖಾನೆಯಲ್ಲಿ ಅಂಗಿಗೆ ಕಾಲರ್ ಹೊಲಿಯುವವಳು. ಅಮ್ಮ ಹೊಲಿದ ಕಾಲರುಗಳಿಗೆಲ್ಲ ಕೊರಳು ಹುಡುಕಲು ಹೊರಟರೆ ಭೂಮಿಯ ಮೇಲಿನ ಜನ ಸಾಲದೆ ಜಿರಾಫೆಗಳ ಹತ್ತಿರ ಹೋಗಬೇಕಾದೀತು.

ಅಂಥ ಅಮ್ಮ ಒಂದು ಮಧ್ಯಾಹ್ನ ಪಾಳಿ ಮುಗಿಸಿ ಬಂದು ನೋಡಿದರೆ, ಸೂಜಿ ಮನೆಯಲ್ಲೇ ಕೂತಿದ್ದಾಳೆ! ಹೆಗಲಲ್ಲಿ ಬ್ಯಾಗು. ಮಡಿಲಲ್ಲಿ ಊಟದ ಡಬ್ಬಿ, ಮುಚ್ಚಳ ಕೂಡ ತೆಗೆದಿಲ್ಲ. ಕೊರಳಲ್ಲಿ ಕಾಲೇಜಿನ ಗುರುತಿನ ಚೀಟಿ ಇಲ್ಲ.

"ಯಾಕೇ, ಕಾಲೇಜು ಇಲ್ವಾ?"

"ನಂಗಿಲ್ಲಮ್ಮ. ಲೆಕ್ಕದ ಮೇಡಂ ತಮ್ಮ ಕೋಣೆಗೆ ಬಾ ಅಂದ್ರು."

ಅಮ್ಮನ ಕೈಲಿದ್ದ ಬೀಗ ಧೊಪ್ಪನೆ ಬಿತ್ತು. ಆ ಸದ್ದಿಗೆ ಪಕ್ಕದ ಬೀದಿಯ ನಾಯಿಗಳೆಲ್ಲ ಊರು ಬಿಟ್ಟವು.

ಯಾಕೆ ಅಂತೀರಾ? ಕಾರ್ಖಾನೆಯಲ್ಲಿ ಮ್ಯಾನೇಜರು ಕೋಣೆಗೆ ಕರೆದರೆ ಅದಕ್ಕೆ ಒಂದೇ ಅರ್ಥ: ಕೆಲಸ ಹೋಯಿತು. ಹಾಗೆ ಕರೆ ಬಂದವರು ಡಬ್ಬಿ, ಬ್ಯಾಗು ಎಲ್ಲ ಹೊತ್ತುಕೊಂಡೇ ಒಳಗೆ ಹೋಗುತ್ತಾರೆ. ಇಲ್ಲದಿದ್ದರೆ ಆಮೇಲೆ ಅವನ್ನು ತೆಗೆದುಕೊಳ್ಳಲು ಕಣ್ಣೊರೆಸಿಕೊಳ್ಳುತ್ತಾ ಎಲ್ಲರ ಎದುರು ನಡೆಯಬೇಕು. ಈ ಪಾಠವನ್ನು ಅಮ್ಮನೇ ಮಗಳಿಗೆ ಹೇಳಿಕೊಟ್ಟಿದ್ದಳು. ಸೂಜಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮೇಡಂ ಕೋಣೆಯ ಕಡೆ ತಲೆಯೂ ಹಾಕದೆ, ಗುರುತಿನ ಚೀಟಿಯನ್ನು ಗೇಟಿನವನ ಕೈಗಿಟ್ಟು ನೆಟ್ಟಗೆ ಮನೆಗೆ ಬಂದಿದ್ದಳು.

"ಮೊದಲ ಪರೀಕ್ಷೇಲೇ ಫೇಲಾದೆ ಅಮ್ಮ. ಅವರು ಹೋಗು ಅನ್ನೋ ಮುಂಚೆ ನಾನೇ ಬಂದೆ. ನಿಮ್ಮ ಕಾರ್ಖಾನೇಲೇ ನಂಗೊಂದು ಮಿಷನ್ ಕೊಡ್ಸು."

ಆ ಮಿಷನ್ನಿನ ಮುಂದೆ ಮಗಳು ಕೂರಬಾರದೆಂದೇ ಅಲ್ಲವೇ ಅಮ್ಮ ಇಷ್ಟು ವರ್ಷ ಬೆನ್ನು ಬಾಗಿಸಿದ್ದು?

ಬೀಗ ಬಿದ್ದ ಸದ್ದಿಗೆ ಎದುರು ಮನೆಯ ನರ್ಸಕ್ಕ ಓಡಿಬಂದಳು. ಅವಳ ಮನೆಯಲ್ಲೂ ಕಾಲೇಜು ಕಂಡವಳು ಅವಳೇ ಮೊದಲು. ವಿಷಯ ಕೇಳಿ ಹಣೆ ಚಚ್ಚಿಕೊಂಡಳು.

"ಅಯ್ಯೋ ಹುಚ್ಚು ಹುಡುಗಿ! ಕರೆದಿದ್ದು ಓಡಿಸೋಕಲ್ಲ ಕಣೇ, ಅರ್ಥ ಆಗದ್ದನ್ನ ಹೇಳಿಕೊಡೋಕೆ."

"ಕ್ಲಾಸಲ್ಲಿ ಹೇಳಿಯಾಯ್ತಲ್ಲ, ಮತ್ಯಾಕೆ ಹೇಳ್ತಾರೆ? ಅದೂ ಬಿಟ್ಟಿ?" ಅಮ್ಮ ನಂಬಲಿಲ್ಲ.

"ಬಿಟ್ಟಿನೇ ಅಕ್ಕ, ಅದೂ ಅವರ ಕೆಲಸಾನೇ. ಓದಿದವರ ಮನೆ ಮಕ್ಕಳು ಕರೆಯೋ ತನಕ ಕಾಯಲ್ಲ, ತಾವೇ ಹೋಗಿ ಬಾಗಿಲು ತಟ್ತಾರೆ."

"ತಾವೇ?" ಅಮ್ಮ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. "ದೊಡ್ಡವರ ಕೋಣೆಗೆ ತಾವಾಗಿ ಹೋಗ್ತಾರಾ?"

"ಹೋಗ್ತಾರೆ. ನಾನೂ ಮೊದಲ ಪರೀಕ್ಷೇಲಿ ಬಿದ್ದವಳೇ. ಲೈಬ್ರರಿ ಪುಸ್ತಕ, ವಿದ್ಯಾರ್ಥಿವೇತನ, ಪಾಠ, ಎಲ್ಲ ಬಾಯಿಬಿಟ್ಟು ಕೇಳಿದ ಮೇಲೇ ಸಿಕ್ಕಿದ್ದು. ಹೀಗೆ ಕೇಳಬಹುದು ಅಂತ ನಮಗೆ ಹೇಳೋರೇ ಇರಲಿಲ್ಲ, ಅಷ್ಟೇ."

"ನಿನ್ನ ಮಾತು ಸುಳ್ಳಾದ್ರೆ?"

"ನಾಳೆಯಿಂದ ಇಂಜೆಕ್ಷನ್ ನೀನು ಕೊಡು, ಕಾಲರ್ ನಾನು ಹೊಲೀತೀನಿ!"

ಮರುದಿನ ಅಮ್ಮ ಅರ್ಧ ದಿನ ರಜೆ ಹಾಕಿ ಮಗಳ ಜೊತೆ ಹೋದಳು. ಸೂಜಿ ಇವತ್ತೂ ಡಬ್ಬಿ, ಬ್ಯಾಗು ಅಪ್ಪಿಕೊಂಡೇ ಇದ್ದಳು. ಮೇಡಂ ಕೋಣೆಯ ಹೊರಗೆ ಆಗಲೇ ಇಬ್ಬರು ಕಾಯುತ್ತಿದ್ದರು. ಅವರಲ್ಲೊಬ್ಬ ಇಡೀ ತರಗತಿಗೇ ಮೊದಲು ಬಂದವನು ಎಂದು ಸೂಜಿ ಪಿಸುಗುಟ್ಟಿದಾಗ ಅಮ್ಮನ ಹುಬ್ಬು ನೆತ್ತಿಗೇರಿತು.

ಮೇಡಂ ಸೂಜಿಯನ್ನು ನೋಡಿದರು, ಡಬ್ಬಿಯನ್ನು ನೋಡಿದರು.

"ಊಟ ತಂದಿದ್ದೀಯಾ? ಒಳ್ಳೇದಾಯ್ತು, ಇವತ್ತು ಬೇಗ ಮುಗಿಯಲ್ಲ. ಕೂತ್ಕೋ."

ಅವರೇ ಎದ್ದು ಕುರ್ಚಿ ಎಳೆದು ಹಾಕಿದರು. ಗೇಟಿನವನು ತಂದುಕೊಟ್ಟಿದ್ದ ಗುರುತಿನ ಚೀಟಿಯನ್ನು ಅವಳ ಮುಂದಿಟ್ಟರು. ಬಾಗಿಲಲ್ಲಿ ನಿಂತ ಅಮ್ಮನಿಗೆ ರೆಪ್ಪೆ ಬಡಿಯುವುದೂ ಮರೆತುಹೋಯಿತು. ಅಂಥ ಕೋಣೆಯಲ್ಲಿ ತನ್ನವರೊಬ್ಬರು ಕೂತದ್ದನ್ನು ಅವಳು ಈ ಜನ್ಮದಲ್ಲಿ ಕಂಡಿರಲಿಲ್ಲ.

ಮುಂದಿನ ಪರೀಕ್ಷೆಯಲ್ಲಿ ಸೂಜಿ ಲೆಕ್ಕಕ್ಕೆ ನೂರಕ್ಕೆ ನೂರಹತ್ತು ತೆಗೆದಳು!

ನಮ್ಮ ಬೀದಿಯ ಸಂಘದ ಸಭೆಯಲ್ಲಿ ನಾನು ಈ ಕಥೆ ಓದುವಾಗ, ಇಲ್ಲಿಗೆ ಬಂದದ್ದೇ ತಡ, ಮುಂದಿನ ಸಾಲಿನಿಂದ ಸೂಜಿಯ ಅಮ್ಮ ಎದ್ದು ನಿಂತಳು.

"ಏನಣ್ಣಾ, ನೂರಕ್ಕೆ ನೂರಹತ್ತು ಹೆಂಗೆ ಬರುತ್ತೆ? ನಿನ್ನನ್ನೂ ಲೆಕ್ಕದ ಮೇಡಂ ಹತ್ರ ಕಳಿಸ್ಲಾ?"

ಸಿಕ್ಕಿಬಿದ್ದೆ. ನಿಜ ಹೇಳುತ್ತೇನೆ, ಕೇಳಿ. ಸೂಜಿಗೆ ಬಂದದ್ದು ನಲವತ್ತೊಂದು. ಪಾಸಾಗಲು ನಲವತ್ತು ಬೇಕಿತ್ತು. ಸೀಟು ಸಿಕ್ಕ ದಿನವೂ ಸೂರ್ಯ ತನ್ನ ಹೊತ್ತಿಗೇ ಹುಟ್ಟಿದ. ನಾಯಿಗಳು ಊರಲ್ಲೇ ಇವೆ, ನಿನ್ನೆ ನನ್ನನ್ನೇ ಅಟ್ಟಿಸಿಕೊಂಡು ಬಂದವು. ಆದರೆ ಆ ಕುರ್ಚಿ ಇದೆಯಲ್ಲ, ಅದರ ಮಾತಿಗೆ ನಾನು ಉಪ್ಪು ಖಾರ ಹಚ್ಚಿಲ್ಲ. ಅದು ನಿಜ. ನಿಮ್ಮ ಮನೆಯಿಂದ ಮೊದಲ ಸಲ ಕಾಲೇಜಿಗೆ ಹೊರಟ ಮಗುವಿಗೂ ಅಂಥದ್ದೊಂದು ಕುರ್ಚಿ ಎಲ್ಲೋ ಕಾದಿರುತ್ತದೆ. ಕರೆದರೆ ಹೆದರಬೇಡ, ಕರೆಯದಿದ್ದರೂ ಹೋಗಿ ಬಾಗಿಲು ತಟ್ಟು ಎಂದು ಹೇಳಿ ಕಳಿಸಿ. ಡಬ್ಬಿಯನ್ನೂ ಕೊಟ್ಟೇ ಕಳಿಸಿ. ಮನೆಗೆ ವಾಪಸು ತರಲಿಕ್ಕಲ್ಲ, ಅಲ್ಲೇ ಕೂತು ಉಣ್ಣಲಿಕ್ಕೆ.