ಅಂಗಿಯಲ್ಲಿದ್ದ ವಾಸನೆ

ಅಪ್ಪನ ಶವಕ್ಕೆಂದು ತೋಟದ ಯಜಮಾನರು ತಂದ ಹಾರವನ್ನು ಮಗಳು ಹೊಸ್ತಿಲಲ್ಲೇ ತಡೆದಳು. "ಮೊದಲು ನಿಜ ಹೇಳಿ. ಆಮೇಲೆ ಹಾಕಿ."

ಅಂಗಳದ ಮಾತು ಗಕ್ಕನೆ ನಿಂತಿತು. ಅಷ್ಟು ಹೊತ್ತೂ ಅಲ್ಲಿ ಪಿಸುಪಿಸು ನಡೆದಿದ್ದು ಒಂದೇ: ಮನುಷ್ಯ ಒಳ್ಳೆಯವನೇ, ಪಾಪ, ಕುಡಿತವೊಂದು ಇಲ್ಲದಿದ್ದರೆ. ಕೇಳಿ ಕೇಳಿ ಅವಳ ಮೈ ಉರಿದುಹೋಗಿತ್ತು. ಅಪ್ಪ ಜನ್ಮದಲ್ಲಿ ಒಂದು ಗುಟುಕು ಕುಡಿದವನಲ್ಲ. ಮೊನ್ನೆ ಸಂಜೆ ಬಸ್ ನಿಲ್ದಾಣದಲ್ಲಿ ಎದೆ ಹಿಡಿದುಕೊಂಡು ಕುಸಿದವನು ಎರಡು ಗಂಟೆ ಅಲ್ಲೇ ಬಿದ್ದಿದ್ದ. ಜನ ದಾಟಿಕೊಂಡು ಹೋದರು. ಒಂದು ಗಂಟೆ ಮೊದಲು ತಂದಿದ್ದರೆ ಉಳಿಸಬಹುದಿತ್ತು ಎಂದರು ಡಾಕ್ಟರು.

ನಿಲ್ದಾಣದ ಅಂಗಡಿಯವನಂತೂ ಬೆಳಗಿನಿಂದ ಕುರ್ಚಿ ಹಾಕುತ್ತ ಎಲ್ಲರಿಗೂ ಹೇಳುತ್ತಿದ್ದ: "ನಾನೇ ಬಗ್ಗಿ ನೋಡ್ದೆ. ಗಮ್ಮಂತ ವಾಸನೆ ಹೊಡೀತಿತ್ತು. ಅಮಲು ಇಳಿದ ಮೇಲೆ ಎದ್ದು ಹೋಗ್ತಾನೆ ಅಂದ್ಕೊಂಡೆ."

"ಸಾವಿನ ಮನೇಲಿ ಇದೆಲ್ಲ ಬೇಕಾ?" ಸೋದರಮಾವ ಅವಳ ತೋಳು ಹಿಡಿದ. "ಆದದ್ದು ಆಯ್ತು."

"ಆಗಿದ್ದು ನಿನಗಲ್ಲ ಬಿಡು, ಮಾವ."

ಒಳಗಿನಿಂದ ಅಮ್ಮನ ದನಿ ಬಂತು. "ಸುಮ್ನಿರೇ. ನಾವಿರೋ ಮನೆ ಅವರದು."

ಮೂರು ವರ್ಷ ಅಪ್ಪನ ಬಾಯಿಗೆ ಬೀಗ ಹಾಕಿದ್ದೂ ಅದೇ ಮಾತು.

*

ಯಜಮಾನರ ದ್ರಾಕ್ಷಿ ತೋಟದಲ್ಲಿ ಅಪ್ಪನದು ಔಷಧಿ ಬೆರೆಸುವ ಕೆಲಸ. ಹಣ್ಣು ದಪ್ಪ ಬರಲೆಂದು ಎಳೆಗೊಂಚಲುಗಳನ್ನು ಹಾರ್ಮೋನಿನ ನೀರಲ್ಲಿ ಅದ್ದುತ್ತಾರೆ. ಆ ಬಿಳಿ ಪುಡಿ ಬರೀ ನೀರಿಗೆ ಜಗ್ಗುವುದಿಲ್ಲ. ಮೊದಲು ಸ್ಪಿರಿಟ್ಟಿನಲ್ಲಿ ಕರಗಿಸಿ ಆಮೇಲೆ ಡ್ರಮ್ಮಿಗೆ ಸುರಿಯಬೇಕು. ಆ ದಿನಗಳಲ್ಲಿ ಅಪ್ಪನ ಬೆರಳು, ಅಂಗಿ ಎಲ್ಲ ಅದೇ ಹೆಂಡದಂಥ ಘಾಟು.

ನಾಲ್ಕು ವರ್ಷದ ಹಿಂದೆ ಯಜಮಾನರಿಗೆ ಸುತ್ತಲಿನ ತೋಟಗಳಿಗಿಂತ ದೊಡ್ಡ ಹಣ್ಣು ಬೇಕೆಂಬ ಹಟ. ಊಟದ ಡಬ್ಬಿ ಹಿಡಿದು ಶೆಡ್ಡಿನ ಬಾಗಿಲಲ್ಲಿದ್ದ ಮಗಳು ಕಿವಿಯಾರೆ ಕೇಳಿದ್ದಳು.

"ಎರಡರಷ್ಟು ಹಾಕು."

"ಬೇಡ ಯಜಮಾನ್ರೇ. ತೊಟ್ಟು ಕಟ್ಟಿಗೆ ಆಗುತ್ತೆ, ಹಣ್ಣು ಉದುರುತ್ತೆ. ಮುಂದಿನ ವರ್ಷದ ಮೊಗ್ಗೂ ಕೆಡುತ್ತೆ."

"ಬಳ್ಳಿ ನಂದು. ನೀನು ಹಾಕು."

ಹಾಕಿದ. ಹಣ್ಣು ಗೋಲಿಯಂತೆ ದಪ್ಪ ಬಂತು ನಿಜ. ಪೆಟ್ಟಿಗೆ ಎತ್ತಿದರೆ ಎಲ್ಲ ಉದುರಿ ತಳದಲ್ಲಿ. ಮರುವರ್ಷ ಬಳ್ಳಿ ತುಂಬ ಎಲೆ, ಗೊಂಚಲು ಹುಡುಕಬೇಕು. ಕೊಳ್ಳುವವರು ಬಂದು ಕೇಳಿದಾಗ ಯಜಮಾನರು ಎಲ್ಲರೆದುರು ಅಪ್ಪನತ್ತ ಕೈ ತೋರಿಸಿದರು. "ಕುಡಿದು ಬೆರೆಸಿದಾನೆ. ಬೇಕಾದ್ರೆ ವಾಸನೆ ನೋಡಿ."

ಅಪ್ಪ ತಲೆ ತಗ್ಗಿಸಿ ನಿಂತ. ಆ ತಗ್ಗಿದ ತಲೆಯ ಮೇಲಿನ ಸಿಟ್ಟು ಅವಳಿಗೆ ಇವತ್ತಿಗೂ ಇಳಿದಿಲ್ಲ. ಕುಡುಕ ಎಂದವರು ಕೆಲಸದಿಂದ ಮಾತ್ರ ತೆಗೆಯಲಿಲ್ಲ. ಅಷ್ಟು ಅಚ್ಚುಕಟ್ಟಾಗಿ ಬೆರೆಸುವವನು ಇನ್ನೊಬ್ಬ ಸಿಗಬೇಕಲ್ಲ!

*

"ಏನು ನಿಜ ಹೇಳ್ಬೇಕಮ್ಮಾ?" ಯಜಮಾನರ ದನಿ ಬೆಣ್ಣೆಯಂತಿತ್ತು.

ಮಗಳು ಆಸ್ಪತ್ರೆಯವರು ಬಿಗಿಯಾಗಿ ಕಟ್ಟಿಕೊಟ್ಟಿದ್ದ ಪ್ಲಾಸ್ಟಿಕ್ ಚೀಲ ಬಿಚ್ಚಿ ಅಪ್ಪನ ಅಂಗಿ ಹೊರತೆಗೆದಳು. ಅಪ್ಪ ಬಿದ್ದಾಗ ಅವನ ಕೈಚೀಲದಲ್ಲಿದ್ದ, ತೋಟಕ್ಕೆಂದು ಪೇಟೆಯಿಂದ ತರುತ್ತಿದ್ದ ಬಾಟಲಿಯ ಮುಚ್ಚಳ ಸಡಿಲವಾಗಿ ಅಂಗಿಯೆಲ್ಲ ತೊಯ್ದಿತ್ತು. ಇನ್ನೂ ಹಸಿಯಿತ್ತು.

"ಇದೇನು ವಾಸನೆ? ಹೇಳಿ."

ಯಜಮಾನರು ಅತ್ತಿತ್ತ ನೋಡಿದರು. ಆಗ ಅಮ್ಮ ಗೋಡೆ ಹಿಡಿದುಕೊಂಡು ಹೊರಗೆ ಬಂದಳು. "ನಾಳೆನೇ ಮನೆ ಖಾಲಿ ಮಾಡ್ತೀವಿ. ಹೇಳಿ ಯಜಮಾನ್ರೇ."

ತೋಟದ ಹೆಂಗಸರೆಲ್ಲ ಎದ್ದು ನಿಂತರು. ಅವರಿಗೆ ಗೊತ್ತಿಲ್ಲದ್ದು ಯಾವುದೂ ಇರಲಿಲ್ಲ.

"ಸ್ಪಿರಿಟ್ಟು," ಎಂದರು ಯಜಮಾನರು. "ಪುಡಿ ಕರಗ್ಸೋಕೆ."

"ಎರಡರಷ್ಟು ಹಾಕು ಅಂದವರು?" ಮಗಳು ಕೇಳಿದಳು.

ಯಜಮಾನರ ತುಟಿ ಅಲ್ಲಾಡಿತು.

"ಜೋರಾಗಿ. ಅವತ್ತು ಜೋರಾಗೇ ಹೇಳಿದ್ರಲ್ಲ!"

"ನಾನೇ."

ಅವಳು ಅಂಗಿಯನ್ನು ಹತ್ತಿರವಿದ್ದವರ ಕೈಗೆ ಕೊಟ್ಟಳು. ಒಬ್ಬೊಬ್ಬರೂ ಮೂಸಿ, ಮುಖ ನೋಡದೆ ಪಕ್ಕದವರಿಗೆ ದಾಟಿಸಿದರು. ಸೋದರಮಾವನ ಕೈಯಿಂದ ಅದು ಅಂಗಡಿಯವನ ಮುಂದೆ ಬಂದಾಗ ಅವನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. ಮಗಳು ಹೋಗಿ ಅಂಗಿ ಇಸಿದುಕೊಂಡು ಅವನಿಗೆ ತಾನೇ ಚಾಚಿದಳು.

ಹೊರಗೆ ಶವದ ವ್ಯಾನಿನವನು ಹಾರ್ನ್ ಹೊಡೆದ. ಅವಳು ಕೈ ಇಳಿಸಲಿಲ್ಲ.