ಇವತ್ತು ಕೆಟ್ಟಿದ್ದು

ನಮ್ಮ ಸಂಸ್ಥೆಯಲ್ಲಿ ನೂರ ನಲವತ್ತು ಸಂಶೋಧಕರಿದ್ದಾರೆ. ಅವರು ಒಬ್ಬರೊಡನೊಬ್ಬರು ಮಾತಾಡಲಿ ಎಂದು ಮೂರು ವರ್ಷಗಳ ಹಿಂದೆ ಕಂಪ್ಯೂಟರಿನಲ್ಲಿ ಒಂದು ಒಳಜಾಲ ಮಾಡಿ ಅದಕ್ಕೆ ಜಗಲಿ ಎಂದು ಹೆಸರಿಟ್ಟರು. ಹೊರಗಿನವರಿಗೆ ಪ್ರವೇಶವಿಲ್ಲ. ಒಳಗಿನವರು ಬರುವುದಿಲ್ಲ.

ನಾನು ಅಲ್ಲಿಯ ಗ್ರಂಥಾಲಯದಲ್ಲಿದ್ದೇನೆ. ಜಗಲಿಯ ಉಸ್ತುವಾರಿಯೂ ನನ್ನದೇ. ಯಾವ ಪುಟ ತೆರೆದಿರಬೇಕು, ಯಾವುದನ್ನು ಮುಚ್ಚಬೇಕು ಎನ್ನುವುದು ನನ್ನ ಕೈಯಲ್ಲಿದೆ. ನಿರ್ದೇಶಕರು ಒಂದು ಬೆಳಿಗ್ಗೆ ಕರೆಸಿದರು.

"ಹೋದ ತಿಂಗಳು ಹನ್ನೊಂದು ಜನ ಬರೆದಿದಾರೆ. ಅದರಲ್ಲಿ ಒಂಬತ್ತು ಜನ ಬರೆದಿರೋದು ಅಭಿನಂದನೆಗಳು ಅಂತ."

"ಯಾರಿಗೆ ಸರ್?"

"ನನಗೆ." ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಮೂರು ತಿಂಗಳು ನೋಡಮ್ಮ. ಆಮೇಲೂ ಹೀಗೇ ಇದ್ರೆ ಕಿತ್ತುಹಾಕೋಣ. ನಿಧಾನಕ್ಕೆ ಮಾಡು, ಅವಸರ ಏನಿಲ್ಲ."

ನನ್ನ ಗಂಡ ತೀರಿಕೊಂಡು ಹದಿನಾಲ್ಕು ತಿಂಗಳಾಗಿದೆ. ಅವನೂ ಅಲ್ಲೇ ಸಂಶೋಧಕನಾಗಿದ್ದ. ಅಂದಿನಿಂದ ಯಾವ ಕೆಲಸ ಕೊಟ್ಟರೂ ಕೊನೆಯಲ್ಲಿ ಅವಸರ ಏನಿಲ್ಲ ಎಂದು ಸೇರಿಸುತ್ತಾರೆ.

ಮೊದಲು ಒಂದು ಪ್ರಶ್ನಾವಳಿ ಕಳಿಸಿದೆ. ಜಗಲಿಯನ್ನು ಬಳಸುತ್ತೀರಾ ಎಂದರೆ ಎಲ್ಲರೂ ಇಲ್ಲ, ಪುರುಸೊತ್ತಿಲ್ಲ ಎಂದರು. ಆದರೆ ಯಾವ ಪುಟವನ್ನು ಎಷ್ಟು ಜನ ತೆರೆದರು ಎಂಬ ಲೆಕ್ಕ ಯಂತ್ರ ಇಟ್ಟಿರುತ್ತದೆ. ಒಂದು ಪುಟವನ್ನು ವಾರಕ್ಕೆ ಮೂವತ್ತು ನಲವತ್ತು ಜನ ತೆರೆಯುತ್ತಿದ್ದರು. ಹದಿನಾಲ್ಕು ತಿಂಗಳಿಂದ ಅದರಲ್ಲಿ ಒಂದಕ್ಷರ ಹೊಸದಾಗಿ ಸೇರಿರಲಿಲ್ಲ. ಅದರ ಹೆಸರು 'ಇವತ್ತು ಕೆಟ್ಟಿದ್ದು'.

ಬರೆದವರು ಇಬ್ಬರೇ. ಒಬ್ಬರು ಬೀಜ ವಿಭಾಗದ ಹಿರಿಯ ಸಹಾಯಕಿ. ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು, ಎಲ್ಲರೂ ಬೀಜದಕ್ಕ ಎನ್ನುತ್ತಾರೆ. ಇನ್ನೊಬ್ಬ ನನ್ನ ಗಂಡ.

ಪ್ರಯೋಗದಲ್ಲಿ ಕೆಟ್ಟದ್ದನ್ನು ಸಂಜೆ ಹೊರಡುವ ಮುಂಚೆ ಬರೆಯುವುದು ಅವರ ರೂಢಿ. ನಾನೂರ ಹನ್ನೆರಡು ಬರಹಗಳಿದ್ದವು. ಎರಡು ದಿನ ಬಾಗಿಲು ಹಾಕಿಕೊಂಡು ಓದಿದೆ. ಒಂದು ಕಡೆ ಮೊದಲು ಅವನು, ಕೆಳಗೆ ಬೀಜದಕ್ಕನ ಉತ್ತರ:

'ಮೂರನೇ ಸಲವೂ ಬೇರು ಕೊಳೀತು. ಕೂತು ಅತ್ತುಬಿಡೋಣ ಅನ್ನಿಸ್ತು.'

'ಅತ್ತುಬಿಡಿ. ಆಮೇಲೆ ತಟ್ಟೆಗಳನ್ನ ತೊಳೆದಿಟ್ಟು ಹೋಗಿ, ನಾಳೆ ನನಗೆ ಬೇಕು.'

'ತೊಳೆದೆ. ಒಂದು ಒಡೆದೆ.'

'ಬರೀ ಒಂದಾ? ಸುಧಾರಿಸ್ತಿದೀರಿ.'

ಆ ದಿನಾಂಕ ನನಗೆ ನೆನಪಿದೆ. ನಾವು ಹೊಸ ಮನೆಗೆ ಪರದೆ ಆರಿಸಲು ಹೋಗಿದ್ದ ಸಂಜೆ ಅದು. ಹೇಗಿತ್ತು ದಿನ ಎಂದು ಕೇಳಿದ್ದೆ. ಏನಿಲ್ಲ, ಚೆನ್ನಾಗಿತ್ತು ಎಂದಿದ್ದ. ಐದು ವರ್ಷ ಅವನು ನನಗೆ ಕೊಟ್ಟ ಉತ್ತರ ಅದೊಂದೇ. ನಾನು ಅದನ್ನೇ ನೆಮ್ಮದಿ ಎಂದುಕೊಂಡಿದ್ದೆ.

ಪ್ರೇಮದ ಮಾತು ಒಂದೂ ಇರಲಿಲ್ಲ. ಹುಡುಕಿದೆ. ಇದ್ದಿದ್ದರೆ ಜಗಳವಾಡಲು ಏನಾದರೂ ಸಿಗುತ್ತಿತ್ತು. ಓದುತ್ತ ಹೋದಂತೆ ಬೀಜದಕ್ಕ ನನ್ನ ಮನಸ್ಸಿನಲ್ಲಿ ಅವರು ಹೋಗಿ ಅವಳಾದಳು.

ಮನೆಯಲ್ಲಿ ಅತ್ತೆ ಒಣಗಿದ ಬಟ್ಟೆ ಮಡಿಸುತ್ತಿದ್ದರು. ಪಕ್ಕದಲ್ಲಿ ಕೂತೆ.

"ಅತ್ತೆ, ಅವರು ಚಿಕ್ಕವರಿದ್ದಾಗ ಏನಾದ್ರೂ ಸೋತ್ರೆ ನಿಮ್ಮ ಹತ್ರ ಹೇಳ್ತಿದ್ರಾ?"

"ಅವನಾ? ಕೈ ಮುರ್ಕೊಂಡು ಬಂದು ಏನಿಲ್ಲಮ್ಮ ಅಂದವನು. ಊಟಕ್ಕೆ ಕೂತಾಗಲೇ ಗೊತ್ತಾಗಿದ್ದು." ಅವರು ಟವೆಲನ್ನು ಎರಡು ಸಲ ನೀವಿದರು. "ಯಾಕೆ, ನಿನ್ನ ಹತ್ರಾನೂ ಹೇಳ್ತಿರ್ಲಿಲ್ವಾ?"

"ಇಲ್ಲ."

"ಹೌದಾ," ಎಂದರು ಅತ್ತೆ. ಆ ರಾತ್ರಿ ಅವರು ಒಂದು ಸೌಟು ಅನ್ನ ಹೆಚ್ಚಿಗೆ ಉಂಡರು.

ಮರುದಿನ ಬೆಳಿಗ್ಗೆ ಹೋದವಳೇ ಆ ಪುಟವನ್ನು ಮುಚ್ಚಿದೆ. ಒಂದು ಗುಂಡಿ ಒತ್ತಿದರೆ ಸಾಕು. ನನ್ನ ಹೊರತು ಇನ್ನಾರಿಗೂ ಅದು ಕಾಣದಂತಾಯಿತು. ನಂತರ ನಿರ್ದೇಶಕರಿಗೆ ಯೋಜನೆ ಬರೆದುಕೊಟ್ಟೆ: ವಾರಕ್ಕೊಂದು ಚರ್ಚಾ ವಿಷಯ, ಹೊಸಬರಿಗೆ ತರಬೇತಿ, ತಿಂಗಳ ಉತ್ತಮ ಬರಹಗಾರ. ತರಬೇತಿಗೆ ಆರು ಜನ ಬಂದರು. ಇಬ್ಬರು ತಣ್ಣಗಿನ ಕೋಣೆ ಹುಡುಕಿಕೊಂಡು ಬಂದವರು.

ಮೂರು ವಾರ ಕಳೆಯುವಷ್ಟರಲ್ಲಿ ಜಗಲಿಗೆ ಬರುವವರ ಸಂಖ್ಯೆ ನಾಲ್ಕಕ್ಕೆ ಇಳಿಯಿತು. ಉಳಿದವರು ಆ ಪುಟಕ್ಕಾಗಿಯೇ ಬರುತ್ತಿದ್ದರು ಎಂದು ಆಗ ಖಾತ್ರಿಯಾಯಿತು. ಹೊಸ ಪ್ರಯೋಗಕ್ಕೆ ಕೈಹಾಕುವ ಮುಂಚೆ ಅಲ್ಲಿ ಇಣುಕಿ, ಯಾವ ಯಂತ್ರ ಕೈಕೊಡುತ್ತದೆ, ಯಾವ ದ್ರಾವಣ ಕೆಡುತ್ತದೆ ಎಂದು ನೋಡಿಕೊಂಡು ಹೋಗುತ್ತಿದ್ದರು. ಇನ್ನೊಬ್ಬರ ಸೋಲು ಓದುತ್ತೇವೆಂದು ಯಾವ ಸಂಶೋಧಕ ತಾನೇ ಪ್ರಶ್ನಾವಳಿಯಲ್ಲಿ ಬರೆಯುತ್ತಾನೆ? ಗೊತ್ತಾದ ಮೇಲೂ ನಾನು ತೆರೆಯಲಿಲ್ಲ. ದಿನಾ ಬೆಳಿಗ್ಗೆ ಒಬ್ಬಳೇ ಓದುತ್ತಿದ್ದೆ. ಅವನು ಈಗ ನನಗೊಬ್ಬಳಿಗೇ ಹೇಳುತ್ತಿರುವಂತಿತ್ತು. ಅವಳ ಉತ್ತರಗಳನ್ನು ಹಾರಿಸುತ್ತಿದ್ದೆ.

ಇಪ್ಪತ್ತಾರನೇ ದಿನ ಬೀಜದಕ್ಕ ಗ್ರಂಥಾಲಯಕ್ಕೆ ಬಂದರು. ಕೈಯಲ್ಲೊಂದು ಮೊಳಕೆಯ ತಟ್ಟೆ. ಅದರೊಳಗಿದ್ದದ್ದೆಲ್ಲ ಕಂದಿ ಮಲಗಿತ್ತು.

"ನಮ್ಮ ಕೆಮ್ಮುವ ಡಾಕ್ಟರ್ ಇದಾರಲ್ಲ, ಅವರದು," ಎಂದರು. ಸದಾ ಗಂಟಲು ಸರಿಮಾಡಿಕೊಳ್ಳುವ ಆ ವಿಜ್ಞಾನಿ ನನಗೂ ಗೊತ್ತು. "ಎಡಗಡೆ ಮೊಳಕೆ ಪೆಟ್ಟಿಗೆಯ ಕೆಳಗಿನ ಶೆಲ್ಫಿನಲ್ಲಿ ಇಟ್ಟಿದಾರೆ. ಅಲ್ಲಿ ಶಾಖ ಜಾಸ್ತಿ. ಪಾಪ, ಆರು ವರ್ಷ ಕಾದು ತರಿಸಿಕೊಂಡ ಬೀಜ. ಒಂದೂ ಉಳೀಲಿಲ್ಲ."

"ನೀವು ಹೇಳಬಹುದಿತ್ತಲ್ಲ."

"ನಾನು ರಜೆಯಲ್ಲಿದ್ದೆ. ನಿಮ್ಮ ಯಜಮಾನರು ಬರೆದಿಟ್ಟಿದ್ರು, ಡಾಕ್ಟರ್ ಅದನ್ನ ನೋಡ್ಕೋತಾರೆ ಅಂದ್ಕೊಂಡೆ. ಬಂದು ನೋಡಿದ್ರೆ ಪುಟಾನೇ ಇಲ್ಲ." ಅವರು ತಟ್ಟೆಯನ್ನು ನನ್ನ ಪುಸ್ತಕಗಳ ಮೇಲೆ ಇಡಲು ಹೋಗಿ, ಬೇಡವೆಂದು ಕೈಯಲ್ಲೇ ಹಿಡಿದುಕೊಂಡರು. "ಯಂತ್ರದ ತೊಂದರೆ ಇರಬೇಕು ಅಲ್ವಾ?"

ಹೌದು ಎನ್ನಲು ಅವರೇ ದಾರಿ ಬಿಟ್ಟುಕೊಟ್ಟಿದ್ದರು. ಅದೂ ನನಗೆ ಹಿಡಿಸಲಿಲ್ಲ.

"ನಾನೇ ಮುಚ್ಚಿದ್ದು."

ಅವರು ಕುರ್ಚಿ ಎಳೆದು ಕೂತರು. ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡರು.

"ನನ್ನ ಬಗ್ಗೆ ಏನಾದ್ರೂ ಹೇಳ್ತಿದ್ರಾ?" ಎಂದೆ.

"ಇಲ್ಲ. ಒಂದು ಸಲವೂ ಇಲ್ಲ. ನಾನೇ ರೇಗಿಸ್ತಿದ್ದೆ, ಮನೇಲಿ ಬೈಸ್ಕೊಂಡಿದ್ದನ್ನೂ ಬರೀರಿ ಅಂತ. ಅಲ್ಲಿ ಕೆಟ್ಟಿದ್ದೇ ಇಲ್ವಲ್ಲ, ಏನು ಬರೀಲಿ ಅಂತಿದ್ರು."

ಸಮಾಧಾನಕ್ಕೆ ಹೇಳಿದರೋ ನಿಜವೋ, ಗೊತ್ತಿಲ್ಲ. ಬೇರೆಯವಳಾಗಿದ್ದರೆ ಅಷ್ಟರಲ್ಲೇ ತೃಪ್ತಳಾಗುತ್ತಿದ್ದಳೇನೋ. ಅವನ ಒಳ್ಳೆಯ ದಿನಗಳೆಲ್ಲ ನನ್ನ ಬಳಿ ಇದ್ದವು. ಕೆಟ್ಟ ಸಂಜೆಗಳೆಲ್ಲ ಈ ಹೆಂಗಸಿನ ಪಾಲಿಗೆ ಹೋಗಿದ್ದವು. ನನಗೆ ಅವೂ ಬೇಕಿತ್ತು.

"ಅವರು ನಿಮ್ಮ ಹತ್ರ ಅಷ್ಟೆಲ್ಲ ಹೇಳಿದ್ದು ನನಗೆ ಸಹಿಸೋಕಾಗ್ಲಿಲ್ಲ," ಎಂದೆ.

"ನನಗೂ ಅಷ್ಟೇ," ಎಂದರು ಬೀಜದಕ್ಕ. "ಅವರು ಹೋದ ದಿನ ಎಲ್ಲರೂ ನಿಮ್ಮನ್ನ ಸುತ್ತುವರಿದು ನಿಂತಿದ್ರು. ನಾನು ಮೂಲೇಲಿ ನಿಂತಿದ್ದೆ. ನನ್ನನ್ನ ಯಾರೂ ಏನೂ ಕೇಳಲಿಲ್ಲ. ಕೇಳೋ ಕಾರಣವೂ ಯಾರಿಗೂ ಇರಲಿಲ್ಲ ಬಿಡಿ." ಎದ್ದರು. "ಡಾಕ್ಟರ್ ಇನ್ನೊಂದು ಕಂತು ಬೀಜ ಕೇಳಿ ಬರೆದಿದಾರೆ. ಅದು ಬರೋಷ್ಟರಲ್ಲಿ ಪುಟ ಕಂಡ್ರೆ ಒಳ್ಳೇದು."

ಅವರು ಹೋದ ಮೇಲೆ ಪುಟ ತೆರೆದೆ. ಸುಮ್ಮನೆ ತೆರೆದರೆ ಸಾಕಾಗುತ್ತಿತ್ತು. ಯಂತ್ರದ ತೊಂದರೆ ಎಂದು ಎಲ್ಲರೂ ನಂಬುತ್ತಿದ್ದರು. ಅವನ ಕೊನೆಯ ಬರಹದ ಕೆಳಗೆ ನನ್ನ ಹೆಸರಿನಲ್ಲಿ ಬರೆದೆ:

'ಈ ಪುಟವನ್ನು ಇಪ್ಪತ್ತಾರು ದಿನ ಮುಚ್ಚಿಟ್ಟವಳು ನಾನು. ಯಂತ್ರದ ದೋಷವಲ್ಲ. ಇದರಿಂದ ಒಬ್ಬರ ಬೀಜ ಪೂರ್ತಿ ಸತ್ತಿದೆ.'

ಹೊಸ ಬರಹ ಸೇರಿದರೆ ಎಲ್ಲರ ಕಂಪ್ಯೂಟರಿಗೂ ಸೂಚನೆ ಹೋಗುತ್ತದೆ. ಒಂದು ಗಂಟೆಯಲ್ಲಿ ಐವತ್ತೆಂಟು ಜನ ಓದಿದ್ದು ಕಾಣುತ್ತಿತ್ತು. ಆಮೇಲೆ ಕೆಮ್ಮುವ ಡಾಕ್ಟರ್ ಬರೆದರು, 'ಪೆಟ್ಟಿಗೆಯ ಶಾಖ ನಾನೂ ಅಳೆಯಲಿಲ್ಲ. ಅದು ನನ್ನ ಖಾತೆಗೆ.' ಅದರ ಕೆಳಗೆ ಮಣ್ಣಿನ ವಿಭಾಗದ ಯಾರೋ, ತಾವು ಒಂದು ವರ್ಷ ತಪ್ಪು ತಕ್ಕಡಿಯಲ್ಲಿ ತೂಗಿದ್ದನ್ನು ಬರೆದರು. ಸಂಜೆಯ ಹೊತ್ತಿಗೆ ಬರೆದವರು ಹದಿನೇಳು ಜನ ಆಗಿದ್ದರು. ನಿರ್ದೇಶಕರು ಫೋನ್ ಮಾಡಿ, "ಅದೇನು ಮಾಡಿದೆಯಮ್ಮ?" ಎಂದರು. ಪುಟ ಓದಿ ಸರ್ ಎಂದೆ.

ಹೊರಡುವ ಹೊತ್ತಿಗೆ ಬೀಜದಕ್ಕ ನನಗೆ ಉತ್ತರ ಬರೆದಿದ್ದರು. 'ಇಪ್ಪತ್ತಾರೇ ದಿನವಾ? ನಾನಾಗಿದ್ರೆ ವರ್ಷ ಇಡ್ತಿದ್ದೆ.'

ಓದಿ ನಗು ಬಂತು. ಆ ನಗು ಇನ್ನೂ ಮುಖದಲ್ಲಿದ್ದಾಗಲೇ ಪುಟವನ್ನು ಹಿಂದಕ್ಕೆ ಸರಿಸಿ, ಬೀಜದಕ್ಕ ಅವನಿಗೆ ಬರೆದದ್ದು ಇದಕ್ಕಿಂತ ಚೆನ್ನಾಗಿತ್ತೇ ಎಂದು ಒಂದೊಂದಾಗಿ ನೋಡತೊಡಗಿದೆ.